ಮುಂಬಯಿ ಮಾಟುಂಗಾದ ನಮ್ಮ ಬಿಲ್ಡಿಂಗ್ ಮುಂಭಾಗ ಕೆರೆಯೋ ಕೆಲಸ ನಿಲ್ಲಬೇಕು, ಭಾನುವಾರ ಟೆರೇಸಲ್ಲಿ ಸೇರೋಣ

ರೂಮ್ 7
ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ರಸ್ತೆ ಕಡೆ ಮೂಲೆಯಲ್ಲಿ ಸಾರುವೆ ಕಟ್ಟಿ ಕೆಲಸದವರು ಉಳಿ ಸುತ್ತಿಗೆ ಹಿಡ್ಕೊಂಡು ಶುರು ಮಾಡಿಬಿಟ್ರು, ಎರಡನೇ ಮಹಡಿ ಬಾಲ್ಕನಿ ಕೆಳಗೆ ಮೂಲೆ ಸುತ್ತಿ ಓಡೋ ಮೂರು ಗೀರಿನ ಪಟ್ಟಿ ಉಂಟಲ್ಲ, ಅದರಲ್ಲಿ ಒಂದು ತುಂಡು ಆಗ್ಲೇ ಹೋಯ್ತು. ಇಳಿದು ಹೋಗಿ ಕೇಳಿದ್ರೆ ಪ್ಲಾಸ್ಟರ್ ಪೂರ್ತಿ ಕೆರೆದು ಸಪಾಟ ಮಾಡ್ತೇವೆ, ಮರದ ಕಿಟಕಿ ಎಲ್ಲ ತೆಗೆದು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕ್ತೇವೆ, ಹಿಂದಿನ ಕಬ್ಬಿಣದ ಸುತ್ತು ಮೆಟ್ಟಿಲು ಗುಜರಿಗೆ, ಮಾಲೀಕರು ಹೇಳಿದ್ದಾರೆ ಅಂತ ಉತ್ತರ. ನಮಗೆ ಯಾರಿಗೂ ಒಂದು ಕಾಗದ ಬಂದಿಲ್ಲ. ಸದ್ಯಕ್ಕೆ ಜಗಳ ಮಾಡಿ ನಿಲ್ಲಿಸಿದ್ದೇನೆ, ಸೋಮವಾರ ಪುನಃ ಬರ್ತಾರಂತೆ. ಅಷ್ಟರೊಳಗೆ ನಾವೆಲ್ಲ ಒಂದು ಮಾತಿಗೆ ಬರ್ಬೇಕು. ಭಾನುವಾರ ಸಂಜೆ 5ಕ್ಕೆ ಟೆರೇಸ್.

ರೂಮ್ 5
ಬರ್ತೇನೆ. ನಮ್ಮ ಕಿಟಕಿ ಬರ್ಮಾ ತೇಗದ್ದು, ಒಂದು ಹುಳ ಹಿಡಿದಿಲ್ಲ ಇವತ್ತಿನವರೆಗೆ, ಅದನ್ಯಾಕೆ ತೆಗೀಬೇಕು?

ರೂಮ್ 11
ಅಕ್ಕ, ಬೇಜಾರು ಮಾಡ್ಬೇಡಿ, ನಾನು ನೇರ ಹೇಳ್ತೇನೆ. ಅಮ್ಮನಿಗೆ ಮಂಡಿ ನೋವು, ಲಿಫ್ಟ್ ಇಲ್ಲ, ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಿಕ್ಕೆ ಇಬ್ಬರು ಬೇಕು. ಮಳೆಗಾಲ ಬಂದ್ರೆ ಬೆಡ್‌ರೂಮ್ ಮೂಲೆಯಲ್ಲಿ ಬಾಲ್ದಿ ಇಡೋದು. ಸ್ಲ್ಯಾಬಿಂದ ಸಿಮೆಂಟ್ ಉದುರಿ ಸರಳು ಕಾಣ್ತದೆ. ಇಂಥದ್ರಲ್ಲಿ ಹೊರಗಿನ ಪಟ್ಟಿ ಹೋಯ್ತು ಅಂತ ಮೀಟಿಂಗ್ ಕರೀತೀರಲ್ಲ, ನನಗೆ ಅರ್ಥ ಆಗ್ಲಿಲ್ಲ. ಒಬ್ಬ ಒಳ್ಳೆ ಬಿಲ್ಡರ್ ಬಂದು ಇದನ್ನ ಕೆಡವಿ ಹೊಸದು ಕಟ್ಟಿ ರೀಡೆವಲಪ್ ಮಾಡ್ಲಿ ಅಂತಲೇ ನನ್ನ ಅಭಿಪ್ರಾಯ.

ರೂಮ್ 3
ಶೆಟ್ರು ಹೇಳೋದು ಖರೇ ಅದ, ಸೋರೋದು ನಮ್ಮ ಮನ್ಯಾಗೂ ಅದ. ಆದ್ರ ನನ್ನ ಅನುಮಾನ ಬ್ಯಾರೆ ಐತ್ರಿ. ಹೊರಗ ಪ್ಲಾಸ್ಟರ್ ಎಲ್ಲಾ ಕೆರದು ಒಂದು ಮಳಿಗಾಲ ಹಂಗ ಬಿಟ್ರ ಒಳಗಿನ ಸರಳಿಗೆ ನೀರು ಹೊಕ್ಕು ತುಕ್ಕು ಹಿಡಿತದ, ಆಮ್ಯಾಲೆ ತಮ್ಮದೇ ಎಂಜಿನಿಯರ್ ಕರಕೊಂಡು ಬಂದು ಸಿ-1 ಅಂತ ರಿಪೋರ್ಟ್ ಬರಸ್ತಾರ, ಸಿ-1 ಅಂದ್ರ ವಾಸಕ್ಕ ಯೋಗ್ಯ ಅಲ್ಲ, ಖಾಲಿ ಮಾಡಿ ಕೆಡವೂದೇ, ಪಾಲಿಕೆಯವರು 354 ಕಲಂ ನೋಟಿಸ್ ಹಚ್ಚಿ ಹೋಗ್ತಾರ. ನಾವು ಪಗಡಿಯವರು, ಅಂದ್ರ ಮೊದಲ ಒಂದು ದೊಡ್ಡ ಮೊತ್ತ ಕೊಟ್ಟು ಕಾಯಂ ಬಾಡಿಗಿ ಹಕ್ಕು ತಗೊಂಡವರು. ಕಟ್ಟಡ ಬಿದ್ರೂ ನಮ್ಮ ಹಕ್ಕು ಹೋಗಂಗಿಲ್ಲ ಖರೇ, ಆದ್ರ ಹೊಸಾದು ಏಳೂತನಕ ಎಲ್ಲಿರೋದು, ಎಷ್ಟು ವರ್ಷ? ಈ ಕಿಂಗ್ಸ್ ಸರ್ಕಲ್ ಸುತ್ತಮುತ್ತನ ಕೆಡವಿ ಹಂಗ ಬಿಟ್ಟ ಜಾಗಾ ನೀವೂ ನೋಡೀರಿ.

ರೂಮ್ 9
ನಾನು ಆರ್ಕಿಟೆಕ್ಚರ್ ಮೂರನೇ ವರ್ಷ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಶೆಟ್ಟಿ ಅಂಕಲ್, ಆ ಪಟ್ಟಿ ಬರೀ ಶೋಕಿಗೆ ಹಾಕಿದ್ದಲ್ಲ. ನಮ್ದು ಆರ್ಟ್ ಡೆಕೋ ಬಿಲ್ಡಿಂಗ್, ಅಂದ್ರೆ ದುಂಡು ಮೂಲೆ, ಗೀರಿನ ಪಟ್ಟಿ ಇರೋ 1920-30ರ ದಶಕದ ಶೈಲಿ, ಮೆಟ್ಟಿಲ ಬುಡದಲ್ಲಿ ಮೊಸಾಯಿಕ್ ಒಳಗೆ 1936 ಅಂತ ಕೂರಿಸಿದಾರೆ ನೋಡಿ. ಮರೀನ್ ಡ್ರೈವ್, ಓವಲ್ ಮೈದಾನದ ಪಶ್ಚಿಮಕ್ಕಿರೋ ಬಿಲ್ಡಿಂಗ್‌ಗಳು ಇದೇ ಕಾಲದವು, ಇದೇ ಶೈಲಿ, ಓವಲ್‌ನ ಆಚೆ ಬದಿಯ ಹೈಕೋರ್ಟ್, ಯೂನಿವರ್ಸಿಟಿ ಸಾಲಿನ ಗೋಥಿಕ್ ಕಟ್ಟಡಗಳ ಜೊತೆ ಅವನ್ನ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅಲ್ಲಿ ಸಮುದ್ರ ಇದೆ, ಶ್ರೀಮಂತರಿದ್ರು, ಅದಕ್ಕೆ ಹೆಸರಾಯ್ತು. ಮಾಟುಂಗಾದಲ್ಲಿ ಅದೇ ಶೈಲಿಯನ್ನ ಸಂಬಳದ ಮೇಲೆ ಬದುಕೋ ಜನಕ್ಕೆ ಅಂತ ಕಟ್ಟಿದ್ರು, ನನ್ನ ಮಟ್ಟಿಗೆ ಅದೇ ದೊಡ್ಡದು. ಕಿಟಕಿ ಮೇಲೆ ಮೂಲೆ ತಿರುಗಿಸಿಕೊಂಡು ಓಡೋ ಛಜ್ಜಾ ಮಧ್ಯಾಹ್ನದ ಬಿಸಿಲು, ಅಡ್ಡ ಹೊಡೆಯೋ ಮಳೆ ಎರಡನ್ನೂ ತಡೀತದೆ, ಅದರ ಅಂಚಿನ ಗೀರಿನಿಂದ ನೀರು ಗೋಡೆಗೆ ಇಳಿಯದೆ ಹೊರಗೆ ತೊಟ್ಟಿಕ್ತದೆ. ಸಪಾಟ ಮಾಡಿದ್ರೆ ಇನ್ನೂ ಜಾಸ್ತಿ ಸೋರ್ತದೆ ಅಂಕಲ್.
ಮೂಲೆಯನ್ನ ಹೀಗೆ ದುಂಡಗೆ ತಿರುಗಿಸೋದು ಕಾಂಕ್ರೀಟ್ ಬಂದ ಮೇಲೆ ಸುಲಭ ಆಯ್ತು. ಆಗ ಆರ್‌ಸಿಸಿ, ಅಂದ್ರೆ ಒಳಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್, ಇಲ್ಲಿ ಹೊಸದು, ಸಿಮೆಂಟ್ ಕಂಪನಿಗಳು ಒಟ್ಟಾಗಿ ಎಸಿಸಿ ಆಗಿದ್ದೇ 1936ರಲ್ಲಿ, ಮರುವರ್ಷ ಟೌನ್ ಹಾಲಲ್ಲಿ ಆರ್ಕಿಟೆಕ್ಟ್‌ಗಳ ಸಂಸ್ಥೆಯವರು ಐಡಿಯಲ್ ಹೋಮ್ ಅಂತ ಪ್ರದರ್ಶನ ಇಟ್ಟು ಹೊಸ ಕಾಲದ ಮನೆ ಹೇಗಿರ್ಬೇಕು ಅಂತ ಊರಿಗೆಲ್ಲ ತೋರಿಸಿದ್ರು. ಆ ಹುಮ್ಮಸ್ಸಿನ ಕಾಲದ ಕಟ್ಟಡ ಇದು.

ರೂಮ್ 7
ಪುಟ್ಟಾ ಒಳ್ಳೇದಾಯ್ತು ಬರೆದದ್ದು. ನಾನು ಅದಕ್ಕಿಂತ ಹಿಂದೆ ಹೋಗಿ ಹೇಳ್ತೇನೆ, ಯಾಕೆ ಹೇಳಿದ್ರೆ ಈ ಕಟ್ಟಡದ ಬೆಲೆ ಹೊರಗಿನ ಚಂದಕ್ಕಿಂತ ಒಳಗಿನ ನಕ್ಷೆಯಲ್ಲಿ ಜಾಸ್ತಿ ಉಂಟು ಅಂತ ನನ್ನ ಗಟ್ಟಿ ನಂಬಿಕೆ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿತು, ಅದು ಪ್ಲೇಗೇ ಅಂತ ಗುರುತಿಸಿದ್ದು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಸ್. ಗಾಳಿ ಬೆಳಕು ಇಲ್ಲದ ಕೋಣೆಗಳಲ್ಲಿ ಜನ ತುಂಬಿದ್ದೇ ಕಾರಣ ಅಂತ ಆಗಿನ ಸರಕಾರದ ಲೆಕ್ಕ, ಅದಕ್ಕೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯ್ತು. ಹಳೇ ಊರಲ್ಲಿ ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಸೀಳಿದ್ದು ಅವರೇ, ಎಷ್ಟೋ ಬಡವರ ಮನೆ ಅದರಲ್ಲಿ ಹೋಯ್ತು ಅನ್ನೋದನ್ನೂ ಮರೀಬಾರದು. ಉತ್ತರಕ್ಕೆ ದಾದರ್, ಮಾಟುಂಗಾ, ವಡಾಲಾ, ಸಯನ್ ಅಂತ ಗದ್ದೆ ತೋಟ ಇದ್ದ ಜಾಗ ತಗೊಂಡು ಹೊಸ ಬಡಾವಣೆ ಹಾಕಿದ್ರು. ಕಿಂಗ್ಸ್ ಸರ್ಕಲ್, ಫೈವ್ ಗಾರ್ಡನ್ಸ್, ಈ ಅಗಲದ ರಸ್ತೆ, ಮರದ ಸಾಲು ಎಲ್ಲ ಆ ಯೋಜನೆಯದ್ದೇ.
ಟ್ರಸ್ಟಿನವರ ಒಂದು ನಿಯಮ ಇತ್ತು, 63½ ಡಿಗ್ರಿ ನಿಯಮ. ಲೆಕ್ಕ ಹಾಕಿದ್ರೆ ಬರೋದಿಷ್ಟೇ, ಕಟ್ಟಡದ ಎದುರು ಎಷ್ಟು ಜಾಗ ತೆರವು ಬಿಟ್ಟಿದ್ದೀರೋ ಅದರ ಎರಡರಷ್ಟಕ್ಕಿಂತ ಎತ್ತರ ಏರಬಾರದು, ಕೆಳಗಿನ ಮನೆಯವರ ಕಿಟಕಿಗೂ ಆಕಾಶ ಕಾಣ್ಬೇಕು. ನಮ್ಮದು ನೆಲಮಹಡಿ ಮತ್ತೆ ಎರಡು ಮಾಳಿಗೆಯೇ ಇರೋದು, ನಾಲ್ಕೂ ಕಡೆ ಜಾಗ ಬಿಟ್ಟಿದ್ದಾರೆ, ರೂಮ್ 2ರ ಮಾಮಿ ಹಗಲು ಲೈಟ್ ಹಾಕದೆ ಅಕ್ಕಿ ಆರಿಸ್ತಾರೆ. ಈಗ ಪಕ್ಕದ ಗಲ್ಲಿಯ ಟವರಲ್ಲಿ ಎಂಟನೇ ಮಾಳಿಗೆವರೆಗೆ ಬೆಳಿಗ್ಗೆಯೇ ಟ್ಯೂಬ್‌ಲೈಟ್ ಉರಿಯೋದು ನೋಡಿ.
ಇನ್ನು ಮನೆಯ ಒಳಗೆ. ಗಿರಣಿ ಕಡೆಯ ಚಾಳಿನಲ್ಲಿ ಒಂದು ಖೋಲಿ, ಎದುರು ಉದ್ದದ ಗ್ಯಾಲರಿ, ಕೊನೆಯಲ್ಲಿ ಎಲ್ಲರಿಗೂ ಸೇರಿ ಪಾಯಿಖಾನೆ. ಇಲ್ಲಿ ಒಂದು ಬಾಗಿಲು ಹಾಕಿಕೊಂಡ್ರೆ ಅಡುಗೆ, ಸ್ನಾನದ ಮೋರಿ, ಸಂಡಾಸ್ ಎಲ್ಲ ಒಳಗೇ. ಈಗಿನವರಿಗೆ ಇದರಲ್ಲೇನು ವಿಶೇಷ ಅನ್ನಿಸ್ತದೆ, ಆದರೆ ಊರಲ್ಲಿ ಸಂಡಾಸ್ ಮನೆಯಿಂದ ದೂರ, ಹಿತ್ತಲಾಚೆ ಇರ್ತಿತ್ತು, ಅದನ್ನ ಅಡುಗೆಮನೆ ಇರೋ ಮಾಡಿನ ಕೆಳಗೇ ತರೋದು ಅಂದ್ರೆ ಮಡಿ ಮೈಲಿಗೆ ನೋಡೋ ನಮ್ಮ ಹಿರಿಯರಿಗೆ ಸಣ್ಣ ವಿಷಯ ಅಲ್ಲ. ನಮ್ಮ ನಕ್ಷೆಯಲ್ಲಿ ದೇವರ ಮೂಲೆ, ಅಡುಗೆಮನೆ ಒಂದು ತುದಿಗೆ, ಸಂಡಾಸ್ ಇನ್ನೊಂದು ತುದಿಗೆ, ನಡುವೆ ಸಣ್ಣ ಪ್ಯಾಸೇಜ್. ಮದ್ರಾಸ್, ಪಾಲಕ್ಕಾಡ್, ಉಡುಪಿ, ಮೈಸೂರಿಂದ ಕ್ಲಾರ್ಕು ಟೈಪಿಸ್ಟು ಅಂತ ಬಂದವರು 20-30ರ ದಶಕದಲ್ಲಿ ಮಾಟುಂಗಾದಲ್ಲೇ ನಿಂತರು ಅಂದ್ರೆ ಇಂಥ ಬಾಡಿಗೆ ಫ್ಲ್ಯಾಟ್ ಇದ್ದದ್ದು ಒಂದು ಮುಖ್ಯ ಕಾರಣ. ಆಮೇಲೆ ತಾನೆ ದಕ್ಷಿಣದವರ ದೇವಸ್ಥಾನ, 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯ (ಎಸ್‌ಐಇಎಸ್) ಶಾಲೆ, ಮೈಸೂರು ಅಸೋಸಿಯೇಶನ್, ಊಟದ ಹೋಟೆಲ್ ಎಲ್ಲ ಇಲ್ಲಿ ಬೇರೂರಿದ್ದು. ನಾವು ಹೊರನಾಡಿನಲ್ಲಿ ಕನ್ನಡ ಮಾತಾಡಿಕೊಂಡು ಮೂರು ತಲೆಮಾರು ಅಕ್ಕಪಕ್ಕ ಇದ್ದೇವಲ್ಲ, ಈ ಗೋಡೆಗಳಿಂದ.

ರೂಮ್ 2
ನೀನು ಹೇಳಿದ್ದು ಸತ್ಯ ಮಗಾ. ಮದುವೆಯಾಗಿ ಕುಂದಾಪುರದಿಂದ ಬಂದಾಗ ಅಡುಗೆಮನೆಯ ಆ ಜಾಲಿ ಕಿಟಕಿ ಕಂಡು ನಂಗೆ ಸಮಾಧಾನ ಆಗಿತ್ತು, ಹೊಗೆ ಎಲ್ಲ ಹೊರಗೆ ಹೋಗ್ತಿತ್ತು. ಆ ಜಾಲಿ ತೆಗೀಬೇಡಿ ಅಂತ ಹೇಳು ಅವ್ರಿಗೆ.

ರೂಮ್ 9
ಮಾಮಿ ಖಂಡಿತ. ಇನ್ನೊಂದು, ಹಿಂದಿನ ಸುತ್ತು ಮೆಟ್ಟಿಲ ಬಗ್ಗೆ. ಅದು ಸಂಡಾಸ್ ತೊಳೆಯೋರು ಮುಂದಿನ ಮೆಟ್ಟಿಲು ಹತ್ತಬಾರದು, ಮನೆಯೊಳಗೆ ಹಾಯಬಾರದು ಅಂತ ಇಟ್ಟಿದ್ದು. ತುಕ್ಕು ಹಿಡಿದಿದೆ, ಯಾರೂ ಬಳಸಲ್ಲ, ಆದ್ರೂ ಇರ್ಬೇಕು ಅಂತೀನಿ. ಮುಂದಿನ ಮೆಟ್ಟಿಲಿನ ತೇಗದ ಕೈಹಿಡಿ, ಸೂರ್ಯಕಿರಣದ ಗ್ರಿಲ್ಲು ಫೋಟೋ ತೆಗೆದು ಹೊಗಳಿ ಹಿಂದಿನದನ್ನ ಗುಜರಿಗೆ ಹಾಕಿದ್ರೆ ಈ ಫ್ಲ್ಯಾಟಿನ ಅರ್ಧ ಚರಿತ್ರೆ ಅಳಿಸಿದ ಹಾಗೆ. ಯಾರನ್ನ ಹಿಂದಿನಿಂದ ಹತ್ತಿಸಿದ್ವಿ ಅನ್ನೋದು ನಮ್ಮ ಮಕ್ಕಳಿಗೂ ಗೊತ್ತಾಗ್ಬೇಕು.

ರೂಮ್ 5
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ರೂಮ್ 11
ಓದಿದೆ. ಮನಸ್ಸಿಗೆ ತಾಗಿತು, ಇಲ್ಲ ಅಂತ ಹೇಳೋದಿಲ್ಲ. ನನ್ನ ಅಜ್ಜನೂ ಇಲ್ಲೇ ಹೋಟ್ಲಲ್ಲಿ ದುಡಿದು ಈ ರೂಮಿಗೆ ಬಂದದ್ದು. ಆದ್ರೆ ಮಾರಾಯ್ರೆ ಸ್ಲ್ಯಾಬ್ ಅಮ್ಮನ ಮೇಲೆ ಬಿದ್ರೆ? ಚರಿತ್ರೆ ಅಂತ ಹೇಳಿ ಕೂತ್ಕೊಳ್ಳಿಕ್ಕೆ ಆಗ್ತದಾ? ಅದಕ್ಕೆ ಉತ್ತರ ಕೊಡಿ.

ರೂಮ್ 7
ಕೊಡ್ತೇನೆ ಶೆಟ್ರೆ, ಇದೇ ಸರಿಯಾದ ಪ್ರಶ್ನೆ. ಸರಳು ತುಕ್ಕು ಹಿಡಿದ್ರೆ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನ ಒಳಗಿಂದ ಒಡೀತದೆ, ನಿಮ್ಮಲ್ಲಿ ಆಗ್ತಿರೋದು ಅದು. ಮುಂಬಯಿಯ ಉಪ್ಪು ಗಾಳಿ, ಟೆರೇಸಿನ ಸೋರಿಕೆ ಎರಡೂ ಸೇರಿ. ಅದಕ್ಕೆ ಮದ್ದು ಉಂಟು. ಸಡಿಲ ಆದದ್ದನ್ನ ಪೂರ್ತಿ ಬಿಡಿಸಿ, ಸರಳು ಉಜ್ಜಿ, ಸವೆದಲ್ಲಿ ಹೊಸದು ಕಟ್ಟಿ, ತುಕ್ಕು ತಡೆಯೋ ಲೇಪ ಕೊಟ್ಟು, ಪಾಲಿಮರ್ ಮಾರ್ಟರ್ ಇಲ್ಲವೇ ಮೈಕ್ರೋ ಕಾಂಕ್ರೀಟ್ ತುಂಬೋದು, ಮೊದಲು ಟೆರೇಸ್ ವಾಟರ್‌ಪ್ರೂಫಿಂಗ್. ಇವರು ಮಾಡ್ತಿರೋದು ಇದ್ಯಾವುದೂ ಅಲ್ಲ, ಹೊರಗಿನ ಗಟ್ಟಿ ಇರೋ ಪ್ಲಾಸ್ಟರ್ ಕೆರೆದು ಬಣ್ಣ ಬಳಿಯೋದು. ನಿಮ್ಮ ಅಮ್ಮನ ಕೋಣೆಯ ಸ್ಲ್ಯಾಬ್ ಅವರ ಕೆಲಸದ ಪಟ್ಟಿಯಲ್ಲೇ ಇಲ್ಲ, ನಾನು ಕೇಳಿ ನೋಡಿದೆ. ನಿಮ್ಮ ಸ್ಲ್ಯಾಬೇ ಮೊದಲು ಆಗ್ಬೇಕು, ಅದಾಗದೆ ಮುಂಭಾಗದ ಮಾತು ಎತ್ತೋದಿಲ್ಲ ಅಂತ ನಾನು ಬರೆದು ಕೊಡ್ತೇನೆ.
ಲಿಫ್ಟಿಗೂ ಹಿಂದಿನ ತೆರವು ಜಾಗದಲ್ಲಿ ಹೊರಗಿನಿಂದ ಕೂರಿಸಲಿಕ್ಕೆ ಆಗ್ತದಾ ಅಂತ ಕಟ್ಟಡದ ಗಟ್ಟಿತನ ಪರೀಕ್ಷೆ ಮಾಡೋ, ಅಂದ್ರೆ ಆಡಿಟ್ ಮಾಡೋ ಎಂಜಿನಿಯರ್ ಹತ್ರ ಕೇಳೋಣ.

ರೂಮ್ 3
ಕಾಗದದ ಕೆಲಸ ನನಗ ಬಿಡ್ರಿ. 30 ವರ್ಷ ದಾಟಿದ ಕಟ್ಟಡಕ್ಕ ಪಾಲಿಕೆ ಕಾಯ್ದೆ 353-ಬಿ ಪ್ರಕಾರ ಸ್ಟ್ರಕ್ಚರಲ್ ಆಡಿಟ್ ಆಗ್ಲೇಬೇಕು. ಮಾಲಕರು ಮಾಡ್ಸೂದರೊಳಗ ನಾವ ಮಾಡ್ಸೋಣು, ವಿಜೆಟಿಐ ಎಂಜಿನಿಯರಿಂಗ್ ಕಾಲೇಜ ಇಲ್ಲೇ ನಡಕೊಂಡು ಹೋಗೂವಷ್ಟ ದೂರದಾಗ ಅದ, ಅವರು ಆಡಿಟ್ ಮಾಡ್ತಾರ. ಕಾಂಕ್ರೀಟಿನ ಗಟ್ಟಿತನ, ಸರಳಿನ ತುಕ್ಕು ನೋಡೂ ಅಲ್ಟ್ರಾಸಾನಿಕ್, ಕೋರ್, ಕಾರ್ಬೊನೇಶನ್, ಹಾಫ್-ಸೆಲ್ ಟೆಸ್ಟ್ ಎಲ್ಲಾ ಆಗಿರೋ ರಿಪೋರ್ಟ್ ಇರ್ಬೇಕು, ಕಣ್ಣಾಗ ನೋಡಿ ಬರದದ್ದು ನಡಿಯಂಗಿಲ್ಲ. ಅವರದೊಂದು ರಿಪೋರ್ಟ್ ನಮ್ಮದೊಂದು ರಿಪೋರ್ಟ್ ಬ್ಯಾರೆ ಬ್ಯಾರೆ ಬಂದ್ರ ಪಾಲಿಕೆಯ ಟೆಕ್ನಿಕಲ್ ಅಡ್ವೈಸರಿ ಕಮಿಟಿಗೆ ಹೋಗ್ತದ. 1940ರ ಸೆಪ್ಟೆಂಬರ್‌ಕಿಂತ ಮೊದಲಿನ ಕಟ್ಟಡ ಅಂದ್ಮ್ಯಾಲೆ ನಾವು ಎ ವರ್ಗದ ಸೆಸ್ ಬಿಲ್ಡಿಂಗ್, ಇಷ್ಟು ವರ್ಷ ರಿಪೇರಿಗಂತ ಸೆಸ್ ತೆರಿಗಿ ಕಟ್ಟೇವಿ, ರಾಜ್ಯದ ವಸತಿ ಸಂಸ್ಥೆ ಮ್ಹಾಡಾದ ರಿಪೇರಿ ಬೋರ್ಡಿಗೂ ಒಂದು ಅರ್ಜಿ ಹಾಕೋಣು. ಎಲ್ರೂ ಬಾಡಿಗಿ ಪಾವತಿ, ಲೈಟ್ ಬಿಲ್, ಹಳೇ ಕರಾರು ಜೆರಾಕ್ಸ್ ತರ್ರಿ, ಮತ್ತ ಪ್ರತಿ ಮನಿ ಕಾರ್ಪೆಟ್ ಏರಿಯಾ ಅಳದು ಬರದಿಡೂದು ಬಹಳ ಮುಖ್ಯ, ನಾಳೆ ಏನಾದ್ರೂ ಅದೇ ನಮ್ಮ ಆಧಾರ.

ರೂಮ್ 9
ಹೆರಿಟೇಜ್ ಲಿಸ್ಟಲ್ಲಿ ನಮ್ದಿಲ್ಲ, ನೋಡ್ದೆ. 1995ರ ನಿಯಮದ ಪ್ರಕಾರ ಗ್ರೇಡ್ 1, 2, 3 ಅಂತ ಮಾಡಿದ್ದಾರೆ, ಗ್ರೇಡ್ 1, 2ರಲ್ಲಿದ್ರೆ ಹೀಗೆ ಮುಂಭಾಗ ಮುಟ್ಟೋ ಮುಂಚೆ ಮುಂಬಯಿ ಹೆರಿಟೇಜ್ ಕಮಿಟಿ ಅಭಿಪ್ರಾಯ ಕೇಳ್ಬೇಕು. ಸೇರಿಸಿ ಅಂತ ನಾವು ಮನವಿ ಕೊಡೋಣ, ಅದಕ್ಕೆ ಅಳತೆ ಡ್ರಾಯಿಂಗ್, ಫೋಟೋ ಬೇಕು, ನನ್ನ ಕ್ಲಾಸಿನವರು ಶನಿವಾರ ಬಂದು ಅಳೀತಾರೆ. ಮಂಜೂರಾದ ಮೂಲ ಪ್ಲ್ಯಾನ್ ಪಾಲಿಕೆಯ ಎಫ್ ನಾರ್ತ್ ವಾರ್ಡ್ ಆಫೀಸಲ್ಲಿ ಆರ್‌ಟಿಐ ಹಾಕಿ ಕೇಳ್ತೀನಿ. ಮಾಲೀಕರು ಹೆದರ್ಬೇಕಾಗಿಲ್ಲ, ಪಟ್ಟಿಯಲ್ಲಿರೋ ಕಟ್ಟಡ ಉಳಿಸಿದವರಿಗೆ ಬಳಸದ ನಿರ್ಮಾಣ ಹಕ್ಕನ್ನ ಟಿಡಿಆರ್ ಆಗಿ ಮಾರೋ ಅವಕಾಶ ಇದೆ, ಅದನ್ನೂ ಅವರ ಮುಂದಿಡೋಣ.

ರೂಮ್ 11
ಹಾಗಾದ್ರೆ ಆಡಿಟ್ ಅರ್ಜಿಗೆ, ಮ್ಹಾಡಾ ಅರ್ಜಿಗೆ ನನ್ನ ಸಹಿ ಉಂಟು. ಕೆರೆಯೋ ಕೆಲಸ ನಿಲ್ಲಿಸಿ ಅನ್ನೋ ಪತ್ರಕ್ಕೂ ಹಾಕ್ತೇನೆ, ಮಳೆ ಮುಂಚೆ ಗೋಡೆ ಬಿಚ್ಚಿಡೋದು ನನಗೂ ಬೇಡ. ಹೆರಿಟೇಜ್ ಮನವಿಗೆ ಈಗ ಹಾಕೋದಿಲ್ಲ ಅಕ್ಕ, ಆಡಿಟ್ ರಿಪೋರ್ಟ್ ನೋಡಿ ಹೇಳ್ತೇನೆ. ರೀಡೆವಲಪ್‌ಮೆಂಟಿಗೆ 51 ಪರ್ಸೆಂಟ್ ಒಪ್ಪಿಗೆ ಸಾಕಂತೆ, ಆ ಬಾಗಿಲು ನಾನು ಮುಚ್ಚೋದಿಲ್ಲ.

ರೂಮ್ 7
ಅದು ನ್ಯಾಯವೇ ಶೆಟ್ರೆ. ಹೆರಿಟೇಜ್ ಮನವಿ ಬೇರೆ ಹಾಳೆ, ಉಳಿದ ಮೂರು ಬೇರೆ ಹಾಳೆ ಮಾಡ್ತೇನೆ, ಯಾರಿಗೆ ಯಾವುದು ಬೇಕೋ ಅದಕ್ಕೆ ಸಹಿ ಹಾಕಿ. ಮಾಲೀಕರಿಗೆ ಹೋಗೋ ಪತ್ರ ರಿಜಿಸ್ಟರ್ ಎ.ಡಿ. ಮಾಡಿ ಸೋಮವಾರ ಬೆಳಿಗ್ಗೆಯೇ ಹಾಕೋದು, ಒಂದು ಪ್ರತಿ ವಾರ್ಡ್ ಆಫೀಸಿಗೆ. ಉದುರಿದ ಪಟ್ಟಿಯ ತುಂಡುಗಳನ್ನ ಗೋಣಿಯಲ್ಲಿ ತುಂಬಿಸಿ ನನ್ನ ಬಾಗಿಲ ಹತ್ರ ಇಟ್ಟಿದ್ದೇನೆ, ಅಚ್ಚು ತೆಗೆದು ಪುನಃ ಮಾಡ್ಲಿಕ್ಕೆ ಅದು ಬೇಕು, ಯಾರೂ ಕಸಕ್ಕೆ ಹಾಕ್ಬೇಡಿ.

ರೂಮ್ 5
ಟೆರೇಸ್ ಬೀಗದ ಕೀ ಯಾರ ಹತ್ರ ಉಂಟು?

ರೂಮ್ 3
ನನ್ನ ಕಡೆ ಅದ. ನಾಲ್ಕೂವರಿಗೆ ತಗದಿಡ್ತೀನಿ. ಮಾಮಿಯವರಿಗೆ ಮ್ಯಾಲೆ ಹತ್ತಾಕ ಆಗಂಗಿಲ್ಲ, ಅವರ ಸಹಿ ಕೆಳಗಿಳಿದು ತಗೊಳ್ಳೋಣು, ಶೆಟ್ರ ಅಮ್ಮಂದೂ ಮನಿಗೇ ಹೋಗಿ.