ಅಪ್ಪನ ಎರಡು ಬೆರಳಿಗೆ ಮಸಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ನಮ್ಮನೆ ಮಂದಿ’. ಸೋಮವಾರಪೇಟೆಯಿಂದ ಸಿಯಾಟಲ್‌ವರೆಗೆ ಮೂವತ್ತೊಂದು ಜನ ಇದ್ದೇವೆ. ಬೆಳಿಗ್ಗೆ ಹೂವಿನ ಚಿತ್ರ, ರಾತ್ರಿ ಚಂದ್ರನ ಚಿತ್ರ, ಮಧ್ಯೆ ಕಾಫಿ ರೇಟು. ಹೋದ ಭಾನುವಾರ ಮಾತ್ರ ಚಿಕ್ಕಪ್ಪನ ಒಂದು ಫಾರ್ವರ್ಡ್‌ನಿಂದ ದೊಡ್ಡ ಗಲಾಟೆಯೇ ಆಯಿತು. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆಯೇ ಇವೆ. ಫೌಜಿ ಅಣ್ಣ ಅಂದರೆ ಸೇನೆಯಲ್ಲಿರುವ ನನ್ನ ಅಣ್ಣ.

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಸಂತಸದ ಸುದ್ದಿ!! ವಿದೇಶದಲ್ಲಿರುವ ಎಲ್ಲ ಭಾರತೀಯರು ಮುಂದಿನ ಚುನಾವಣೆಯಿಂದ ಮೊಬೈಲ್‌ನಲ್ಲೇ ಮತ ಹಾಕಬಹುದು! ಕೆಳಗಿನ ಲಿಂಕ್ ಒತ್ತಿ, ಪಾಸ್‌ಪೋರ್ಟ್ ಫೋಟೋ ಹಾಕಿ. 10 ಗುಂಪಿಗೆ ಕಳಿಸಿ!!

ಚಿಕ್ಕಪ್ಪ: ದುಬೈ ಅಳಿಯಂದಿರೇ, ನೋಡಿ. ಇನ್ನು ನೆಪ ಹೇಳುವ ಹಾಗಿಲ್ಲ 😀

ನಾನು: ಚಿಕ್ಕಪ್ಪ, ದಯವಿಟ್ಟು ಡಿಲೀಟ್ ಮಾಡಿ. 2019ರಲ್ಲೂ ಇಂಥದ್ದೇ ಓಡಾಡಿತ್ತು. ಅದು ಸುಳ್ಳು ಅಂತ ಚುನಾವಣಾ ಆಯೋಗವೇ ಹೇಳಿತ್ತು. ಯಾರೂ ಆ ಲಿಂಕ್ ಮುಟ್ಟಬೇಡಿ, ಪಾಸ್‌ಪೋರ್ಟ್ ಫೋಟೋ ಅಂತೂ ಹಾಕಲೇಬೇಡಿ.

ಅಕ್ಕ ದುಬೈ: ಅಯ್ಯೋ, ಇವರು ಆಗಲೇ ಒತ್ತಿಬಿಟ್ಟರು

ದುಬೈ ಭಾವ: ಒತ್ತಿದೆ ಅಷ್ಟೇ, ಏನೂ ಹಾಕಿಲ್ಲ. ಆದರೆ ಸುಳ್ಳು ಸುದ್ದಿ ಅಂತ ನಕ್ಕು ಬಿಡುವ ವಿಷಯ ಅಲ್ಲ ಇದು. ನನ್ನ ಹತ್ತಿರ ಇರುವುದು ಭಾರತದ ಪಾಸ್‌ಪೋರ್ಟ್. 2011ರಿಂದ ನಮಗೂ ಮತದಾನದ ಹಕ್ಕು ಕೊಟ್ಟಿದ್ದೇವೆ ಅಂತಾರೆ. ಫಾರ್ಮ್ 6ಎ ತುಂಬಿ ಪಟ್ಟಿಗೆ ಹೆಸರೂ ಸೇರಿಸಿದ್ದೇನೆ. ಆದರೆ ಮತ ಹಾಕಬೇಕಾದರೆ ಪಾಸ್‌ಪೋರ್ಟ್ ಹಿಡಿದು ಸೋಮವಾರಪೇಟೆ ಬೂತಿಗೇ ಬರಬೇಕು. ಊಟಕ್ಕೆ ಕರೆದು ಎಲೆಯನ್ನು ಮೂರು ಸಾವಿರ ಕಿಲೋಮೀಟರ್ ಆಚೆ ಹಾಕಿದ ಹಾಗಾಯಿತು.

ಚಿಕ್ಕಪ್ಪ: ಹಳೇ ವೋಟರ್ ಕಾರ್ಡ್ ಇತ್ತಲ್ಲ? ರಜೆಗೆ ಬಂದಾಗ ಸುಮ್ನೆ ಹಾಕಿ ಹೋಗುವುದಪ್ಪ. ಯಾರು ಕೇಳುತ್ತಾರೆ

ನಾನು: ಕೇಳುತ್ತಾರೆ. ವಿದೇಶದ ಮತದಾರ ಅಂತ ಹೆಸರು ಸೇರಿಸುವಾಗ ಹಳೇ ಕಾರ್ಡ್ ವಾಪಸ್ ಕೊಡಬೇಕು. ಅಲ್ಲಿದ್ದುಕೊಂಡು ಇಲ್ಲೇ ವಾಸ ಅಂತ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲಿಗೂ ಹಾಕಬಹುದು.

ಫೌಜಿ ಅಣ್ಣ: ಭಾವ, ನಿಮಗೆ ದೇಶದ ಮೇಲೆ ಅಷ್ಟು ಪ್ರೀತಿ ಇದ್ದರೆ ಟಿಕೆಟ್ ತೆಗೆದುಕೊಂಡು ಬನ್ನಿ. ಕೇರಳದವರು ಬರುವುದಿಲ್ವಾ?

ದುಬೈ ಭಾವ: ಬಂದರು. 2024ರ ಏಪ್ರಿಲ್‌ನಲ್ಲಿ ನನ್ನ ಆಫೀಸಿನ ಮಲಯಾಳಿಗಳು ಗುಂಪು ಕಟ್ಟಿಕೊಂಡು ಹೊರಟರು. ವಿಮಾನಕ್ಕೆ ‘ವೋಟ್ ವಿಮಾನಂ’ ಅಂತಲೇ ಹೆಸರು. ನಾನೂ ಲೆಕ್ಕ ಹಾಕಿದೆ. ಕಣ್ಣೂರಿಗೆ ಇಳಿದು, ಮಾಕುಟ್ಟ ದಾಟಿ, ವಿರಾಜಪೇಟೆ, ಮಡಿಕೇರಿ ಹಾದು ಊರಿಗೆ. ಶುಕ್ರವಾರ ಒಂದು ಬಟನ್ ಒತ್ತುವುದಕ್ಕೆ ಮೂರು ದಿನ ರಜೆ, ಇಬ್ಬರ ಟಿಕೆಟ್. ಸಂಬಳದಲ್ಲಿ ಬದುಕುವವನು ಹೇಗೆ ಮಾಡಲಿ, ನೀವೇ ಹೇಳಿ.

ನಾನು: ಕೇರಳದವರೂ ಸುಸ್ತಾಗಿದ್ದಾರೆ ಭಾವ. 2019ರಲ್ಲಿ ಇಡೀ ದೇಶದಲ್ಲಿ ವಿದೇಶದಿಂದ ಬಂದು ಮತ ಹಾಕಿದವರು 25,606 ಜನ. 2024ರಲ್ಲಿ ಪಟ್ಟಿಯಲ್ಲಿ ಇದ್ದದ್ದು 1,19,374, ಹಾಕಿದ್ದು 2,958. ಅದರಲ್ಲೂ 2,670 ಕೇರಳದವರೇ. ಉಳಿದ ಅಷ್ಟೂ ರಾಜ್ಯ ಸೇರಿ ಮುನ್ನೂರೂ ಇಲ್ಲ.

ಸಿಯಾಟಲ್ ತಮ್ಮ: ಇಲ್ಲಿ ನೋಡಿ ಕಲಿಯಬೇಕು ಅಂತ ಹೇಳಿದರೆ ಬೈತೀರಿ. ಆದರೂ ಹೇಳುತ್ತೇನೆ. ಹೊರದೇಶದಲ್ಲಿರುವ ಅಮೆರಿಕನ್ ಕೇಳಿಕೊಂಡರೆ, ಸೈನಿಕನಾಗಲಿ ಸಾಮಾನ್ಯನಾಗಲಿ, ಚುನಾವಣೆಗೆ 45 ದಿನ ಮೊದಲೇ ಮತಪತ್ರ ಕಳಿಸಬೇಕು ಅಂತ 2009ರ ಕಾನೂನು ಇದೆ. 2024ರ ನವೆಂಬರ್ ಚುನಾವಣೆ ಹೊತ್ತಿಗೆ ನಾನು ಆರು ತಿಂಗಳ ಮಟ್ಟಿಗೆ ಬೆಂಗಳೂರಿನಲ್ಲೇ ಇದ್ದೆನಲ್ಲ, ಈಮೇಲ್‌ನಲ್ಲಿ ಬಂತು, ಪ್ರಿಂಟ್ ತೆಗೆದೆ, ಗುರುತು ಹಾಕಿದೆ, ಸಹಿ ಮಾಡಿ ಈಮೇಲ್‌ನಲ್ಲೇ ವಾಪಸ್. ವಾಷಿಂಗ್ಟನ್ ರಾಜ್ಯದಲ್ಲಿ ಹಾಗೆ ಬಿಡುತ್ತಾರೆ, ಎಲ್ಲ ರಾಜ್ಯದಲ್ಲೂ ಇಲ್ಲ.

ಫೌಜಿ ಅಣ್ಣ: ಈಮೇಲ್‌ನಲ್ಲಿ ಕಳಿಸಿದರೆ ಗುಟ್ಟು ಎಲ್ಲಿ ಉಳಿಯಿತು?

ಸಿಯಾಟಲ್ ತಮ್ಮ: ಆ ಕಡೆ ತೆಗೆಯುವವರಿಗೆ ಗೊತ್ತಾಗಬಹುದು ಅಂತ ನಾನೇ ಒಪ್ಪಬೇಕು

ಫೌಜಿ ಅಣ್ಣ: ಹಾಂ. ನಮ್ಮದು ಹಾಗಲ್ಲ.

ಚಿಕ್ಕಪ್ಪ: ನೀವು ಫೌಜಿಗಳು ಕಂಪ್ಯೂಟರ್‌ನಲ್ಲೇ ಅಲ್ವಾ ಹಾಕುವುದು? ಮತ್ತೆ ಅಳಿಯಂದಿರಿಗೆ ಯಾಕಿಲ್ಲ? ಅದಕ್ಕೇ ನಾನು ಆ ಮೆಸೇಜ್ ನಂಬಿದ್ದು.

ಫೌಜಿ ಅಣ್ಣ: ಚಿಕ್ಕಪ್ಪ, ಎಲ್ಲರೂ ಎಡವುವುದು ಇಲ್ಲೇ. ಬರುವುದು ಮಾತ್ರ ಕಂಪ್ಯೂಟರ್‌ನಲ್ಲಿ, ಹೋಗುವುದು ಅಂಚೆಯಲ್ಲಿ. ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದು ಯಾರ್ಯಾರು ಕಣದಲ್ಲಿದ್ದಾರೆ ಅಂತ ಗೊತ್ತಾದ ಮೇಲೆ ಮತಪತ್ರ ಆನ್‌ಲೈನ್‌ನಲ್ಲಿ ಬರುತ್ತದೆ. ಒಟಿಪಿ, ಪಿನ್ ಎಲ್ಲ ಹಾಕಿ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬೇಕು. ಪೆನ್ನಿನಲ್ಲಿ ಗುರುತು ಹಾಕಿ ಸಣ್ಣ ಲಕೋಟೆಗೆ ಹಾಕಿ ಅಂಟಿಸಬೇಕು. 13ಎ ಅಂತ ಒಂದು ಘೋಷಣೆ ಇರುತ್ತದೆ, ಅದಕ್ಕೆ ಆಫೀಸರ್ ಎದುರು ಸಹಿ ಮಾಡಬೇಕು, ಅವರೂ ಸಹಿ ಹಾಕಬೇಕು. ಎರಡನ್ನೂ ದೊಡ್ಡ ಲಕೋಟೆಗೆ ಹಾಕಿ ಪೋಸ್ಟ್. ಸ್ಟಾಂಪ್ ಬೇಡ. ಗುಡ್ಡದ ಮೇಲೆ ಪೋಸ್ಟಿಂಗ್ ಇದ್ದರೆ ಪ್ರಿಂಟರ್ ಇರುವ ಕಡೆಗೆ ಬರುವುದೇ ಒಂದು ಪ್ರಯಾಣ.

ಅಕ್ಕ ದುಬೈ: ಆಫೀಸರ್ ಎದುರು ಮತ ಹಾಕುವುದಾ? ಹಾಗಾದರೆ ಅವರಿಗೆ ಗೊತ್ತಾಗುವುದಿಲ್ವಾ

ಫೌಜಿ ಅಣ್ಣ: ಇಲ್ಲ ಇಲ್ಲ. ಅವರು ನೋಡುವುದು ನನ್ನ ಸಹಿ, ನನ್ನ ಗುರುತು ಅಲ್ಲ.

ನಾನು: ಆ ಸಹಿಯೇ ಮುಖ್ಯ ಅಣ್ಣ. ನನ್ನನ್ನು ಒಂದು ಸಲ ಎಣಿಕೆಗೆ ಹಾಕಿದ್ದರು, ಅಂಚೆ ಮತದ ಟೇಬಲ್ ಕೊಟ್ಟರು. ಬೆಳಿಗ್ಗೆ 8 ಗಂಟೆಯ ಒಳಗೆ ಬಂದಿರಬೇಕು, 8 ಹೊಡೆದ ಮೇಲೆ ಬಂದ ಲಕೋಟೆ ಸಿಯಾಚಿನ್‌ನಿಂದ ಬಂದರೂ ಲೆಕ್ಕಕ್ಕಿಲ್ಲ. ಮೊದಲು ಲಕೋಟೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ, ಒಬ್ಬರದೇ ಎರಡು ಬಂದಿದೆಯಾ ಅಂತ ನೋಡಲು. ಆಮೇಲೆ 13ಎ ತೆಗೆದು ನೋಡುವುದು. ಅದರಲ್ಲಿ ಆಫೀಸರ್ ಸಹಿ ಇಲ್ಲ ಅಂದರೆ ಒಳಗಿನ ಸಣ್ಣ ಲಕೋಟೆಯನ್ನು ಒಡೆಯುವುದೇ ಇಲ್ಲ. ಒಡೆಯದ ಆ ಲಕೋಟೆಗಳನ್ನು ಪಕ್ಕಕ್ಕೆ ಜೋಡಿಸಿಡುವಾಗ ನನಗೆ ನಿನ್ನದೇ ನೆನಪು. ಎಲ್ಲೋ ಚಳಿಯಲ್ಲಿ ಕೂತು ಅಂಟಿಸಿದ್ದು, ಇಲ್ಲಿ ಬಂದು ಸುಮ್ನೆ ಬಿದ್ದಿದೆ.

ಅತ್ತಿಗೆ: 😔

ನಾನು: 2019ರಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ಸೇವಾ ಮತದಾರರು, ಅಂದರೆ ಫೌಜಿಗಳು ಮತ್ತು ಅಂಥ ಸರ್ಕಾರಿ ಸೇವೆಯಲ್ಲಿರುವವರು, ಇದ್ದರು. ವಾಪಸ್ ಬಂದದ್ದು 10,84,266, ಅಂದರೆ ನೂರಕ್ಕೆ 60. ಮೊದಲು ಖಾಲಿ ಮತಪತ್ರವೇ ಅಂಚೆಯಲ್ಲಿ ಹೋಗಿ ಅಂಚೆಯಲ್ಲೇ ಬರಬೇಕಿತ್ತು. 2016ರಲ್ಲಿ ನಿಯಮ ಬದಲಿಸಿ ಹೋಗುವ ಕಡೆಯ ಅಂಚೆ ಪ್ರಯಾಣ ತಪ್ಪಿಸಿದರು.

ದುಬೈ ಭಾವ: ಅದನ್ನೇ ನಮಗೂ ಕೊಡಿ ಅನ್ನುವುದು ನನ್ನ ವಾದ. ಹೊಸದೇನೂ ಕಂಡುಹಿಡಿಯಬೇಕಾಗಿಲ್ಲ. ಇನ್ನೊಂದು ಮಾತು. ಅಣ್ಣಂದಿರು ಗಡಿಯಲ್ಲಿ ಇದ್ದಾರೆ, ಒಪ್ಪಿದೆ, ಕೈ ಮುಗಿಯುತ್ತೇನೆ. ಆದರೆ ಇಲ್ಲಿ ರಾಯಭಾರ ಕಚೇರಿಯಲ್ಲಿ ಏಸಿ ಕೆಳಗೆ ಕೂತಿರುವ ಸರ್ಕಾರಿ ನೌಕರನಿಗೂ ಅಂಚೆ ಮತ ಇದೆ. ಅದೇ ಕಟ್ಟಡದ ಹೊರಗೆ ಕ್ಯೂನಲ್ಲಿ ನಿಂತ ಕೂಲಿಯವನಿಗೆ ಇಲ್ಲ. ಇದು ಯಾವ ನ್ಯಾಯ?

ಫೌಜಿ ಅಣ್ಣ: ಕೂಲಿಯವನ 13ಎಗೆ ಸಹಿ ಹಾಕುವವರು ಯಾರು? ಅವನ ಕಂಪನಿ ಮಾಲೀಕನಾ? ಪಾಸ್‌ಪೋರ್ಟೇ ಮಾಲೀಕನ ಬೀರುವಿನಲ್ಲಿ ಇರುತ್ತದೆ ಅಂತ ನೀವೇ ಹೇಳಿದ್ದಿರಿ. ಮತ ಯಾರದ್ದಾಗುತ್ತದೆ ಆಗ?

ದುಬೈ ಭಾವ: ... ಅದಕ್ಕೆ ಉತ್ತರ ಹುಡುಕಬೇಕು. ಹಕ್ಕೇ ಬೇಡ ಅನ್ನುವುದು ಉತ್ತರ ಅಲ್ಲ.

ನಾನು: ಆಯೋಗ 2020ರ ನವೆಂಬರ್‌ನಲ್ಲೇ ಕಾನೂನು ಇಲಾಖೆಗೆ ಬರೆದಿತ್ತು, ಇದೇ ಪದ್ಧತಿಯನ್ನು ಎನ್‌ಆರ್‌ಐಗಳಿಗೂ ಕೊಡಬಹುದು ಅಂತ. ಅದಕ್ಕೂ ಮೊದಲು ಪ್ರಾಕ್ಸಿ ಮಸೂದೆ ಬಂದಿತ್ತು, ನಿಮ್ಮ ಬದಲು ಊರಿನವರು ಯಾರಾದರೂ ಹಾಕುವುದು. 2018ರ ಆಗಸ್ಟ್‌ನಲ್ಲಿ ಲೋಕಸಭೆ ಪಾಸ್ ಮಾಡಿತು. ರಾಜ್ಯಸಭೆಯಲ್ಲಿ ಪಾಸ್ ಆಗಲೇ ಇಲ್ಲ, 2019ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಅದೂ ಬಿದ್ದುಹೋಯಿತು.

ಚಿಕ್ಕಪ್ಪ: ಪ್ರಾಕ್ಸಿ ಒಳ್ಳೆಯದೇ ಅಲ್ವಾ! ಇಬ್ಬರದ್ದೂ ನಾನೇ ಹಾಕುತ್ತಿದ್ದೆ. ಟಿಕೆಟ್ ಖರ್ಚಿಲ್ಲ.

ಅಕ್ಕ ದುಬೈ: ಅದಕ್ಕೇ ಅದು ಬಿದ್ದದ್ದು ಒಳ್ಳೆಯದಾಯಿತು ಚಿಕ್ಕಪ್ಪ 😂

ಫೌಜಿ ಅಣ್ಣ: ಪ್ರಾಕ್ಸಿ ವಿಷಯ ನನ್ನ ಹತ್ತಿರ ಎತ್ತಬೇಡಿ.

ಸಿಯಾಟಲ್ ತಮ್ಮ: ಯಾಕೆ, ಏನಾಯ್ತು

ಫೌಜಿ ಅಣ್ಣ: ಸೇನೆಯವರಿಗೆ 2003ರಿಂದ ಪ್ರಾಕ್ಸಿ ಇದೆ. 13ಎಫ್ ಅಂತ ಫಾರ್ಮ್ ತುಂಬಿ ಒಬ್ಬರನ್ನು ನೇಮಿಸಬಹುದು, ಅವರು ಅದೇ ಕ್ಷೇತ್ರದಲ್ಲಿ ವಾಸ ಇರಬೇಕು. ಆಮೇಲೆ ನಮಗೆ ಅಂಚೆ ಮತಪತ್ರ ಬರುವುದಿಲ್ಲ. 2013ರ ವಿಧಾನಸಭೆಗೆ ನಾನು ಅಪ್ಪನನ್ನು ನೇಮಿಸಿದೆ. ಹಿಂದಿನ ಸಲ ನನ್ನ ಮತಪತ್ರ ಕೈಗೆ ಸಿಗುವ ಹೊತ್ತಿಗೆ ಇಲ್ಲಿ ಹೊಸ ಎಂಎಲ್‌ಎಗೆ ಹಾರ ಹಾಕಿ ಆಗಿತ್ತು, ಅದಕ್ಕೇ. ಯಾರಿಗೆ ಹಾಕಬೇಕು ಅಂತ ಫೋನಿನಲ್ಲಿ ಎರಡು ಸಲ ಹೇಳಿದೆ. ಅಪ್ಪ ‘ಆಯ್ತಪ್ಪ’ ಅಂದರು.

ನಾನು: ಅಪ್ಪನ ಎರಡು ಬೆರಳಿಗೂ ಮಸಿ ಇತ್ತು, ನನಗೆ ಚೆನ್ನಾಗಿ ನೆನಪಿದೆ! ತನ್ನ ಮತಕ್ಕೆ ತೋರುಬೆರಳು, ನಿನ್ನದಕ್ಕೆ ನಡುಬೆರಳು. ಪ್ರಾಕ್ಸಿಗೆ ನಡುಬೆರಳಿಗೇ ಹಚ್ಚುವುದು. ಸಂತೆಯಲ್ಲಿ ಎಲ್ಲರೂ ಕೇಳಿದ್ದೇ ಕೇಳಿದ್ದು, ಗೌಡ್ರೇ ಕಳ್ಳ ಓಟಾ ಅಂತ. ಅಪ್ಪ ಎದೆ ಉಬ್ಬಿಸಿ, ಒಂದು ನನ್ನದು, ಒಂದು ಗಡಿಯಲ್ಲಿರುವ ಮಗನದು ಅಂತ ಎಲ್ಲರಿಗೂ ಕೈ ತೋರಿಸುತ್ತಿದ್ದರು. ಮೈಸೂರಿನ ಮಸಿ, ವಾರಗಟ್ಟಲೆ ಹೋಗಲಿಲ್ಲ.

ಫೌಜಿ ಅಣ್ಣ: ಎದೆ ಉಬ್ಬಿಸಿದ್ದೆಲ್ಲ ಸರಿ. ಒಂದು ತಿಂಗಳಾದ ಮೇಲೆ ಅಮ್ಮ ಫೋನಿನಲ್ಲಿ ಬಾಯಿ ಬಿಟ್ಟಳು. ಎರಡೂ ಒಂದೇ ಗುರುತಿಗೆ ಬಿದ್ದಿತ್ತು. ಅಪ್ಪನ ಗುರುತಿಗೆ.

ಅಕ್ಕ ದುಬೈ: 😂😂😂😂

ಚಿಕ್ಕಪ್ಪ: ಅಣ್ಣ ಬಿಡಿ, ಹುಟ್ಟಿದಾಗಿನಿಂದ ಒಂದೇ ಪಾರ್ಟಿ

ಫೌಜಿ ಅಣ್ಣ: ನಗಬೇಡಿ. ಮರುವರ್ಷವೇ ಪ್ರಾಕ್ಸಿ ರದ್ದು ಮಾಡಿದೆ, ಅದಕ್ಕೂ ಒಂದು ಫಾರ್ಮ್ ಇದೆ. ಹೆತ್ತ ಅಪ್ಪನನ್ನೇ ನಂಬಲು ಆಗಲಿಲ್ಲ, ಇನ್ನು ಎನ್‌ಆರ್‌ಐಗಳು ಊರಿನ ಪುಢಾರಿ ಕೈಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಲಕೋಟೆ ತಿರಸ್ಕಾರ ಆದರೂ ಪರವಾಗಿಲ್ಲ ಭಾವ, ಅದರೊಳಗೆ ಇರುವುದು ನನ್ನ ಗುರುತೇ. ನಿಮಗೂ ಅಂಚೆ ಮತವೇ ಸಿಗಲಿ, ನಾನು ನಿಮ್ಮ ಕಡೆ. ಪ್ರಾಕ್ಸಿ ಮಾತ್ರ ಬೇಡ.

ದುಬೈ ಭಾವ: ಅಬ್ಬಾ, ಇಷ್ಟು ಹೊತ್ತಿಗೆ ಒಂದು ಓಟು ಬಿತ್ತು ನನಗೆ 🙏

ಸಿಯಾಟಲ್ ತಮ್ಮ: ಒಂದು ಓಟಲ್ಲಿ ಏನಾಗುತ್ತದೆ ಅಣ್ಣಾ, ಇಷ್ಟು ಕೋಪ

ನಾನು: ಸಂತೆಮರಹಳ್ಳಿಯವರನ್ನು ಕೇಳು. 2004ರಲ್ಲಿ ಅಲ್ಲಿ ಗೆದ್ದದ್ದು ಒಂದೇ ಒಂದು ಮತದಲ್ಲಿ. 2023ರಲ್ಲಿ ಜಯನಗರದಲ್ಲಿ 16 ಮತ, ಅಲ್ಲೂ ರಾತ್ರಿಯೆಲ್ಲ ಜಗಳ ನಡೆದದ್ದು ತಿರಸ್ಕಾರ ಆದ ಅಂಚೆ ಮತಗಳ ಮೇಲೆಯೇ.

ಚಿಕ್ಕಪ್ಪ: ಈ ಮೆಸೇಜ್ ಅಳಿಸಲಾಗಿದೆ

ಚಿಕ್ಕಪ್ಪ: ಡಿಲೀಟ್ ಮಾಡಿದ್ದೇನೆ. ಆದರೆ ಆಗಲೇ ಒಂಬತ್ತು ಗುಂಪಿಗೆ ಕಳಿಸಿದ್ದೆ

ನಾನು: ಅಲ್ಲೂ ಹೋಗಿ ಅಳಿಸಿ ಚಿಕ್ಕಪ್ಪ 🙏

(ರಾತ್ರಿ 9.40)

ಅಪ್ಪ: ಈಗ ಓದಿದೆ. ನೀನು ಹೇಳಿದವನ ಗುರುತು ಪಕ್ಕದ ಸಾಲಿನಲ್ಲೇ ಇತ್ತು. ಅವತ್ತು ಕನ್ನಡಕ ಮರೆತು ಹೋಗಿದ್ದೆ. ಕೈ ತಪ್ಪಿತು.

ಫೌಜಿ ಅಣ್ಣ: ಎರಡು ಸಲವೂನಾ ಅಪ್ಪ?

ಅತ್ತಿಗೆ: ಮಾವ ಹೇಳಿದ್ದನ್ನು ಅತ್ತೆಗೆ ಓದಿ ಹೇಳಿದೆ. ಕನ್ನಡಕ ಜೇಬಿನಲ್ಲೇ ಇತ್ತಂತೆ. ಒರೆಸಿ ಇಟ್ಟದ್ದೇ ಅವರಂತೆ.