ನೆಲದಲ್ಲಿ ಹೂಳುವ ವೈನ್ ಪಾತ್ರೆ: ಗುಡಾಣವೋ, ಹಗೇವೋ?

ಗೆಳೆಯರೇ,

ಜಾರ್ಜಿಯಾ ದೇಶದ ಇಮೆರೆತಿ ಸೀಮೆಯ ವೈನ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ದೇಶದ ವೈನ್ ಅಂದರೆ ಎಲ್ಲರೂ ಮೂಡಣದ ಕಾಖೆತಿಯ ಮಾತೇ ಆಡುತ್ತಾರೆ. ಪಡುವಣದ ಇಮೆರೆತಿಯನ್ನು ಕೇಳುವವರು ಕಡಿಮೆ. ತ್ಸಿತ್ಸ್ಕಾ, ತ್ಸೊಲಿಕೌರಿ, ಕ್ರಾಖುನಾ ಅಲ್ಲಿನ ಬಿಳಿ ದ್ರಾಕ್ಷಿಗಳು. ಇವನ್ನು 'ನಾಟಿ ತಳಿ' ಅಂದುಬಿಟ್ಟೆ. ಬಡಗಣ ಕರ್ನಾಟಕದವರು 'ಜವಾರಿ' ಅಂತ ಓದಿಕೊಳ್ಳಲಿ, ತಕರಾರಿಲ್ಲ.

ತೊಡಕು ಇರುವುದು 'ಕ್ವೆವ್ರಿ' ಅನ್ನುವ ಪದಕ್ಕೆ ಕನ್ನಡ ಹುಡುಕುವುದರಲ್ಲಿ. ಅದು ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಪಾತ್ರೆ. ಒಳಮೈಗೆ ಜೇನುಮೇಣ ಬಳಿದು, ಬಾಯಿ ಮಾತ್ರ ಕಾಣುವಂತೆ ನೆಲದಲ್ಲಿ ಹೂಳುತ್ತಾರೆ. ರಸ ಅದರೊಳಗೇ ಹುದುಗುತ್ತದೆ, ನೆಲದ ತಂಪಿನಲ್ಲಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪದ್ಧತಿ ಇದು. ಇಮೆರೆತಿಯವರು ಈ ಪಾತ್ರೆಯನ್ನೇ 'ಚುರಿ' ಅನ್ನುತ್ತಾರೆ.

ಮೊದಲು ಹೊಳೆದದ್ದು 'ಹಗೇವು'. ನೆಲದೊಳಗೆ ಇರುತ್ತದೆ, ಸರಿ. ಆದರೆ ಅದು ಕಾಳು ತುಂಬುವ ಗುಂಡಿ, ಪಾತ್ರೆಯಲ್ಲ. 'ಗುಡಾಣ' ಪಾತ್ರೆ ಹೌದು, ಆದರೆ ನೆಲದ ಮೇಲೆ ನಿಲ್ಲುವಂಥದ್ದು. ಈಗಿನವರಿಗೆ ಗುಡಾಣ ಅಂದರೆ ಹೊಟ್ಟೆಯೇ ನೆನಪಾಗುವುದು! ಆದರೂ 'ಹೂತ ಗುಡಾಣ' ಅನ್ನುವ ಕಡೆಗೇ ನನ್ನ ಒಲವು.

ಇನ್ನೊಂದು ಪದ 'ಚಾಚಾ'. ದ್ರಾಕ್ಷಿ ತುಳಿದ ಮೇಲೆ ಉಳಿಯುವ ಸಿಪ್ಪೆ, ಬೀಜ, ತೊಟ್ಟು. ಕಾಖೆತಿಯಲ್ಲಿ ಅಷ್ಟನ್ನೂ ರಸದ ಜೊತೆ ಪಾತ್ರೆಗೆ ಸುರಿದು ಐದಾರು ತಿಂಗಳು ಬಿಡುತ್ತಾರೆ. ಹಾಗಾಗಿ ಬಿಳಿ ದ್ರಾಕ್ಷಿಯ ವೈನೂ ಜೇನಿನ ಬಣ್ಣಕ್ಕೆ ತಿರುಗಿ ಒಗರಾಗುತ್ತದೆ. ಇಮೆರೆತಿಯಲ್ಲಿ ಸ್ವಲ್ಪವೇ ಹಾಕುತ್ತಾರೆ, ವೈನ್ ಹಗುರ. ಎರಡು ಸೀಮೆಗಳ ರುಚಿ ಬೇರೆಯಾಗುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಈ ಪದವನ್ನು ಸುಮ್ನೆ 'ಸಿಪ್ಪೆ' ಅಂತ ದಾಟಿಸಲಾರೆ. ಬೀಜ, ತೊಟ್ಟು ಬಿಟ್ಟುಹೋಗುತ್ತವೆ. 'ಗಸಿ' ತಳದಲ್ಲಿ ಕೂರುವಂಥದ್ದು. 'ಚರಟ' ಸೋಸಿದ ಮೇಲೆ ಎಸೆಯುವಂಥದ್ದು. ಹಿಂಡಿದ ಮೇಲೆ ಉಳಿಯುವ 'ಹಿಪ್ಪೆ' ಹತ್ತಿರ ಬರುತ್ತದೆ, ಆದರೆ ಓದುಗರು ಹಿಪ್ಪೆ ಮರ ಅಂದುಕೊಂಡರೆ? ಆ ಮರದ ಹೂವಿನಿಂದಲೂ ಸಾರಾಯಿ ಇಳಿಸುತ್ತಾರೆ. ಚಾಚಾದಿಂದ ಬಟ್ಟಿ ಇಳಿಸಿದ ಸಾರಾಯಿಗೂ ಜಾರ್ಜಿಯಾದಲ್ಲಿ ಚಾಚಾ ಅಂತಲೇ ಹೆಸರು. ಗೊಂದಲ ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ?

ಕತ್ತಿನವರೆಗೆ ಹೂತಿಡುವ ಮಡಕೆಗೆ ನಿಮ್ಮೂರಲ್ಲಿ ಬೇರೆ ಹೆಸರಿದೆಯೇ? ಕಬ್ಬಿನ ಗಾಣ, ಎಣ್ಣೆ ಗಾಣ ಬಲ್ಲವರು ಹಿಪ್ಪೆಗೆ ಇನ್ನೊಂದು ಪದ ಕೊಟ್ಟರೂ ಆದೀತು. ಯಾವ ಊರಿನ ಬಳಕೆ ಅಂತಲೂ ಬರೆಯಿರಿ.