ತೂಕ ಇಳಿಸುವ ಚುಚ್ಚುಮದ್ದು ಶುರುವಾದ ಮೇಲೆ ಅಮ್ಮನಿಗೆ ಲೋ ಶುಗರ್: ಹಳೆಯ ಮಾತ್ರೆ ಮುಂದುವರಿಸಬಹುದೇ?

ಹಾಸನದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ, ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ಊರಿನ ಡಾಕ್ಟರ್ ಬರೆದುಕೊಟ್ಟ ಮಾತ್ರೆಯಲ್ಲಿ ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500, ವೋಗ್ಲಿಬೋಸ್ 0.2 ಮೂರೂ ಸೇರಿವೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಜೊತೆಗೆ ಥೈರಾಯ್ಡ್ ಮಾತ್ರೆ.

ತೂಕ 92 ಕೆಜಿ. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ತಮ್ಮ ಬೆಂಗಳೂರಿನ ಒಂದು ತೂಕ ಇಳಿಸುವ ಕ್ಲಿನಿಕ್‌ಗೆ ಕರೆದುಕೊಂಡು ಹೋದ. ಅಲ್ಲಿ ಮೌಂಜಾರೊ ಚುಚ್ಚುಮದ್ದು ಶುರು ಮಾಡಿದರು. ಮೊದಲ ತಿಂಗಳು ವಾರಕ್ಕೊಮ್ಮೆ 2.5 ಮಿಲಿಗ್ರಾಂ, ಈಗ 5. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರಂತೆ, ಯಾವ ಮಾತ್ರೆ ಎಂದು ಯಾರೂ ಕೇಳಲಿಲ್ಲ. ಅಮ್ಮನ ಕೈಚೀಲದಲ್ಲೇ ಇದ್ದ ಹಳೆಯ ಚೀಟಿ ಹೊರಗೆ ಬರಲೇ ಇಲ್ಲ.

ಡೋಸ್ ಏರಿದ ಮೇಲೆ ಊಟ ಅರ್ಧಕ್ಕಿಳಿದಿದೆ. ಎರಡು ಅಕ್ಕಿರೊಟ್ಟಿ ತಿನ್ನುತ್ತಿದ್ದವರು ಒಂದರಲ್ಲೇ ತಟ್ಟೆ ಸರಿಸುತ್ತಾರೆ. ಮೊನ್ನೆ ಹನ್ನೊಂದು ಗಂಟೆಯ ಹೊತ್ತಿಗೆ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದವರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು. ರವಿಕೆಯ ಬೆನ್ನು ಬೆವರಿನಿಂದ ತೊಯ್ದುಹೋಗಿತ್ತು. ಕಾಳು ಹಿಡಿದ ಬೆರಳುಗಳು ನಡುಗುತ್ತಿದ್ದವು, ಕರೆದರೆ ತೊದಲುತ್ತಾ ಏನೋ ಹೇಳಿದರು. ಮೀಟರ್ 56 ತೋರಿಸಿತು. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆ. ಕಾಲು ಗಂಟೆ ಬಿಟ್ಟು ನೋಡಿದರೆ 59! ನನ್ನ ಕೈಕಾಲೇ ತಣ್ಣಗಾದವು. ಮತ್ತೆ ಕುಡಿಸಿ, ಬಾಳೆಹಣ್ಣು ತಿನ್ನಿಸಿ, ಬಹಳ ಹೊತ್ತಿನ ಮೇಲೆ ಸುಧಾರಿಸಿಕೊಂಡರು. ಸಂಜೆ ಮತ್ತೆ 66.

ಕ್ಲಿನಿಕ್‌ಗೆ ಫೋನ್ ಮಾಡಿದರೆ ಮಾತ್ರೆಯ ವಿಷಯ ನಿಮ್ಮ ಶುಗರ್ ಡಾಕ್ಟರನ್ನೇ ಕೇಳಿ ಎನ್ನುತ್ತಾರೆ. ಊರಿನ ಡಾಕ್ಟರಿಗೆ ಅಮ್ಮ ಚುಚ್ಚುಮದ್ದಿನ ಸುದ್ದಿಯನ್ನೇ ಹೇಳಿಲ್ಲ, ಬೈದಾರೆಂಬ ಭಯ. ಚುಚ್ಚುಮದ್ದು ನಿಲ್ಲಿಸಬೇಕೇ, ಮಾತ್ರೆ ನಿಲ್ಲಿಸಬೇಕೇ? ಸಕ್ಕರೆ ಕುಡಿಸಿದರೂ ಶುಗರ್ ಏಕೆ ಏರಲಿಲ್ಲ? ಏಕಾದಶಿ ಬೇರೆ ಬರುತ್ತಿದೆ, ಉಪವಾಸ ಬಿಡುವುದಿಲ್ಲ ಎಂದು ಕುಳಿತಿದ್ದಾರೆ.

ನಿವೃತ್ತ ಸಿಸ್ಟರ್, ಧಾರವಾಡ

ತಂಗಿ, ಇದನ್ನು ಓದಿದ ಕೂಡಲೇ ಊರಿನ ಡಾಕ್ಟರಿಗೆ ಫೋನ್ ಮಾಡು. ಮುಂದಿನ ಮಾತ್ರೆ ಅಮ್ಮನ ಬಾಯಿಗೆ ಹೋಗುವ ಮೊದಲು ಅವರಿಗೆ ಮೂರು ವಿಷಯ ಗೊತ್ತಾಗಲೇಬೇಕು: ಚುಚ್ಚುಮದ್ದಿನ ಹೆಸರು ಮತ್ತು ಡೋಸ್, 56 ಮತ್ತು 66 ಎಂಬ ಅಂಕಿ, ಊಟ ಅರ್ಧವಾಗಿರುವುದು. ಬೈದರೆ ಬೈಯಲಿ. ನಾನು ಮಧುಮೇಹ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮಾತ್ರೆ ಬದಲಿಸುವ ಅಧಿಕಾರ ನನ್ನದಲ್ಲ, ಆದರೆ ಹೀಗೇಕಾಯಿತು ಎಂದು ಹೇಳಬಲ್ಲೆ.

ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ರಕ್ತದಲ್ಲಿ ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಹೆಚ್ಚಿಸುತ್ತದೆ, ಇಳಿದಾಗ ಸುಮ್ಮನಾಗುತ್ತದೆ. ಆದ್ದರಿಂದ ಅದೊಂದರಿಂದಲೇ ಲೋ ಶುಗರ್ ಆಗುವುದು ಅಪರೂಪ. ಗ್ಲಿಮೆಪಿರೈಡ್‌ಗೆ ಆ ವಿವೇಚನೆ ಇಲ್ಲ. ಊಟ ಮಾಡಿರಲಿ, ಬಿಟ್ಟಿರಲಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ಅಮ್ಮ ಎರಡು ರೊಟ್ಟಿ ತಿನ್ನುತ್ತಿದ್ದ ಕಾಲಕ್ಕೆ ಲೆಕ್ಕ ಹಾಕಿದ ಡೋಸ್, ಒಂದು ರೊಟ್ಟಿಯ ಮೇಲೆ ಬೀಳುತ್ತಿದೆ. ಅದರ ಪ್ರಭಾವ ಸುಮಾರು ಒಂದು ದಿನ ಇರುತ್ತದೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು. ಸಂಜೆ ಮತ್ತೆ ಇಳಿದದ್ದು ಅದಕ್ಕೇ ಇರಬೇಕು. ಗ್ಲಿಮೆಪಿರೈಡ್ ಗುಂಪಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಚುಚ್ಚುಮದ್ದು ಕೊಡುವಾಗ ಹಳೆಯದರ ಡೋಸ್ ಇಳಿಸುವ ಬಗ್ಗೆ ಯೋಚಿಸಬೇಕೆಂದು ಔಷಧದ ಜೊತೆ ಬರುವ ಮಾಹಿತಿ ಹಾಳೆಯಲ್ಲೇ ಇದೆ. ಹಳೆಯ ಚೀಟಿ ನೋಡದೆ ಚುಚ್ಚಿದ್ದು ನನಗೆ ಸಿಟ್ಟು ತರಿಸುತ್ತದೆ.

ಇನ್ನು ಸಕ್ಕರೆ ಏಕೆ ಕೈಕೊಟ್ಟಿತು ಎಂಬುದು. ಇದನ್ನು ವೋಗ್ಲಿಬೋಸ್ ತೆಗೆದುಕೊಳ್ಳುವ ಪ್ರತಿಯೊಬ್ಬರ ಮನೆಯವರೂ ತಿಳಿದಿರಬೇಕು. ಅಡುಗೆಮನೆಯ ಸಕ್ಕರೆಯ ಒಂದೊಂದು ಅಣುವಿನಲ್ಲೂ ಗ್ಲುಕೋಸ್ ಮತ್ತು ಫ್ರಕ್ಟೋಸ್ ಜೋಡಿಯಾಗಿ ಬೆಸೆದುಕೊಂಡಿರುತ್ತವೆ. ಕರುಳಿನ ಕಿಣ್ವ ಆ ಜೋಡಿಯನ್ನು ಬಿಡಿಸಿದ ಮೇಲಷ್ಟೇ ಗ್ಲುಕೋಸ್ ರಕ್ತಕ್ಕೆ ಸೇರುತ್ತದೆ. ವೋಗ್ಲಿಬೋಸ್ ಆ ಕಿಣ್ವವನ್ನೇ ತಡೆಯುತ್ತದೆ, ಅದರ ಕೆಲಸವೇ ಅದು. ಹೀಗಾಗಿ ಸಕ್ಕರೆ, ಬೆಲ್ಲ ನಿಧಾನವಾಗುತ್ತವೆ. ಇದರ ಮೇಲೆ ಚುಚ್ಚುಮದ್ದು ಹೊಟ್ಟೆ ಖಾಲಿಯಾಗುವುದನ್ನೂ ತಡಮಾಡುತ್ತದೆ. ಬೇಕಾದದ್ದು ನೇರ ಗ್ಲುಕೋಸ್ ಪುಡಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಸು. 15 ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡು, ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡು. ಒಂದು ಡಬ್ಬಿ ಅಡುಗೆಮನೆಯಲ್ಲಿ, ಒಂದು ಪೊಟ್ಟಣ ಅಮ್ಮನ ಕೈಚೀಲದಲ್ಲಿ ಇರಲಿ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬೇಡ, 108ಕ್ಕೆ ಕರೆ ಮಾಡು.

ಮೆಟ್‌ಫಾರ್ಮಿನ್ ಈ ಚುಚ್ಚುಮದ್ದಿನ ಜೊತೆ ಸಾಮಾನ್ಯವಾಗಿ ಮುಂದುವರಿಯುತ್ತದೆ. ಆದರೆ ನಿಮ್ಮದು ಮೂರೂ ಬೆರೆತ ಒಂದೇ ಗುಳಿಗೆ. ಅದನ್ನು ಅರ್ಧ ಮುರಿದು ಕೊಡುವ ಯೋಚನೆ ಮಾಡಬೇಡ. ಡಾಕ್ಟರ್ ಬಿಡಿಬಿಡಿಯಾಗಿ ಬರೆದುಕೊಡಲಿ.

ಬಳ್ಳಾರಿಯ ಮೇಷ್ಟ್ರು

ಸಿಸ್ಟರ್, ನನ್ನದೂ ಒಂದು ಪ್ರಶ್ನೆ. ನಾನು ಸಿಟಾಗ್ಲಿಪ್ಟಿನ್, ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದೆ. ಸೆಮಾಗ್ಲುಟೈಡ್ ಚುಚ್ಚುಮದ್ದು ಶುರು ಮಾಡಿದಾಗ ಡಾಕ್ಟರ್ ಸಿಟಾಗ್ಲಿಪ್ಟಿನ್ ಮಾತ್ರ ತೆಗೆದುಹಾಕಿದರು. ಅದು ಅಪಾಯಕಾರಿಯೇ? ಡೋಸ್ ಏರಿಸಿದ ವಾರ ವಾಂತಿ ವಿಪರೀತ. ಬಿಸಿಲೂರು ನಮ್ಮದು, ನೀರು ಕುಡಿದರೂ ನಿಲ್ಲುತ್ತಿಲ್ಲ.

ನಿವೃತ್ತ ಸಿಸ್ಟರ್, ಧಾರವಾಡ

ಸರ್, ಸಿಟಾಗ್ಲಿಪ್ಟಿನ್ ಅಪಾಯವೆಂದು ತೆಗೆದದ್ದಲ್ಲ. ದೇಹದಲ್ಲೇ ಇರುವ ಜಿಎಲ್‌ಪಿ-1 ಎಂಬ ಹಾರ್ಮೋನು ಬೇಗ ಕರಗದಂತೆ ಅದು ಕಾಯುತ್ತದೆ. ಚುಚ್ಚುಮದ್ದು ಅದೇ ಹಾರ್ಮೋನಿನ ಕೆಲಸವನ್ನು ಎಷ್ಟೋ ಪಟ್ಟು ಬಲವಾಗಿ ಮಾಡುತ್ತದೆ. ಎರಡೂ ಇದ್ದರೆ ಲಾಭ ಹೆಚ್ಚುವುದಿಲ್ಲ, ದುಡ್ಡು ದಂಡ. ಅದೇ ಗುಂಪಿನ ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮಾತ್ರೆಗಳಿಗೂ ಇದೇ ಮಾತು.

ನನಗೆ ಚಿಂತೆಯಾಗಿರುವುದು ಡಪಾಗ್ಲಿಫ್ಲೋಜಿನ್ ಬಗ್ಗೆ. ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ವಾಂತಿಯಾಗಿ ಊಟ, ನೀರು ನಿಲ್ಲದ ದಿನ ಅದನ್ನು ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಇನ್ನೂ ಕೆಟ್ಟದ್ದೆಂದರೆ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿಕೊಳ್ಳಬಹುದು. ಆಗ ಮೀಟರಿನಲ್ಲಿ ಶುಗರ್ 250ರ ಒಳಗೇ ಇರಬಹುದು. ಅಂಕಿ ಚೆನ್ನಾಗಿದೆಯೆಂದು ಮನೆಯವರು ಸುಮ್ಮನಿರುತ್ತಾರೆ, ರೋಗಿ ಏದುಸಿರು ಬಿಡುತ್ತಿರುತ್ತಾರೆ. ವಾಂತಿ ನಿಲ್ಲುವವರೆಗೆ ಡಪಾಗ್ಲಿಫ್ಲೋಜಿನ್ ಮತ್ತು ಮೆಟ್‌ಫಾರ್ಮಿನ್ ತಡೆಯಬೇಕೇ ಎಂದು ಡಾಕ್ಟರನ್ನು ಈಗಲೇ ಕೇಳಿ. ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಕೇಳುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ ಕೀಟೋನ್ ಪರೀಕ್ಷೆ ಮಾಡಿಸಿ. ಬೆನ್ನಿಗೆ ಹರಿಯುವಂತೆ ಹೊಟ್ಟೆನೋವು ಬಿಡದೆ ಕಾಡಿದರೆ ಮೇದೋಜೀರಕದ ಉರಿಯೂತವೂ ಇರಬಹುದು.

ಹಾಸನದ ಮಗಳು

ಡಾಕ್ಟರ್ ಬೈಯಲಿಲ್ಲ. ಎರಡೂ ಚೀಟಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿ, ಗ್ಲಿಮೆಪಿರೈಡ್ ಮತ್ತು ವೋಗ್ಲಿಬೋಸ್ ನಿಲ್ಲಿಸಿದರು. ಮೆಟ್‌ಫಾರ್ಮಿನ್ ಮಾತ್ರ ಉಳಿಯಿತು. ಮೂತ್ರಪಿಂಡ ನೋಡಲು ಕ್ರಿಯಾಟಿನಿನ್, ಥೈರಾಯ್ಡ್ ನೋಡಲು ಟಿಎಸ್‌ಎಚ್ ಪರೀಕ್ಷೆ ಬರೆದಿದ್ದಾರೆ. ದಿನಕ್ಕೆ ನಾಲ್ಕು ಸಲ ಶುಗರ್ ನೋಡಿ ಬರೆದಿಡಿ ಎಂದರು. ಅಂದಿನಿಂದ 90ಕ್ಕಿಂತ ಕೆಳಗೆ ಬಂದಿಲ್ಲ. ಗ್ಲುಕೋಸ್ ಪುಡಿ ತಂದಿಟ್ಟಿದ್ದೇನೆ. ಮನಸ್ಸು ಹಗುರವಾಯಿತು ಸಿಸ್ಟರ್, ನಿಮಗೆ ಹೇಗೆ ಕೃತಜ್ಞತೆ ಹೇಳಲಿ. ಏಕಾದಶಿಯ ಮಾತು ಮಾತ್ರ ಬಾಕಿ. ಮಂಡಿಗೆ ಆಪರೇಷನ್ ಮಾಡಿಸೋಣ ಎಂದೂ ತಮ್ಮ ಹೇಳುತ್ತಿದ್ದಾನೆ.

ನಿವೃತ್ತ ಸಿಸ್ಟರ್, ಧಾರವಾಡ

ಬಹಳ ಸಂತೋಷವಾಯಿತು ತಂಗಿ. ಟಿಎಸ್‌ಎಚ್ ಬರೆದದ್ದು ಒಳ್ಳೆಯದು, ತೂಕ ಇಳಿದಂತೆ ಥೈರಾಯ್ಡ್ ಮಾತ್ರೆಯ ಡೋಸ್ ಬದಲಾಗಬೇಕಾಗಬಹುದು.

ಗ್ಲಿಮೆಪಿರೈಡ್ ನಿಂತಿರುವುದರಿಂದ ಉಪವಾಸದ ದೊಡ್ಡ ಅಪಾಯ ತಗ್ಗಿದೆ. ಆದರೂ ಡೋಸ್ ಏರಿದ ತಿಂಗಳಲ್ಲಿ ನೀರನ್ನೂ ಬಿಟ್ಟು ಕೂರುವುದು ಬೇಡವೇ ಬೇಡ. ಹಾಲು, ಹಣ್ಣು, ನೀರು ತೆಗೆದುಕೊಂಡು ಆಚರಿಸುವವರು ಎಷ್ಟೋ ಜನ ಇದ್ದಾರೆ, ಡಾಕ್ಟರ್ ಒಪ್ಪಿದರೆ ಹಾಗೆ ಮಾಡಲಿ.

ಕಣ್ಣಿನ ಪರೀಕ್ಷೆ ಆಗಿಲ್ಲವಾದರೆ ಈ ತಿಂಗಳೇ ಮಾಡಿಸು. ಹಳೆಯ ಮಧುಮೇಹದಲ್ಲಿ ಸಕ್ಕರೆ ಬೇಗಬೇಗ ಇಳಿದರೆ, ಮೊದಲೇ ಹಾಳಾಗಿದ್ದ ಅಕ್ಷಿಪಟ ಕೆಲಕಾಲ ಇನ್ನಷ್ಟು ಕೆಡಬಹುದು. ಪಾಪೆಗೆ ಹನಿ ಹಾಕಿ ಒಳಗೆ ನೋಡುವ ಪರೀಕ್ಷೆ ಬೇಕು, ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು. ಮಂಡಿ ಆಪರೇಷನ್ ನಿಶ್ಚಯವಾದರೆ ದಿನಾಂಕ ಕೊಡುವ ಮೊದಲೇ ಅರಿವಳಿಕೆ ಡಾಕ್ಟರಿಗೆ ಚುಚ್ಚುಮದ್ದಿನ ಹೆಸರು ಮತ್ತು ಕೊನೆಯದಾಗಿ ತೆಗೆದುಕೊಂಡ ವಾರ ತಿಳಿಸು. ರಾತ್ರಿಯಿಡೀ ಉಪವಾಸವಿದ್ದರೂ ಹೊಟ್ಟೆಯಲ್ಲಿ ಊಟ ಉಳಿದಿರಬಹುದು, ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಹೋಗುವ ಭಯ ಇರುತ್ತದೆ. ಚುಚ್ಚುಮದ್ದನ್ನು ಎಷ್ಟು ವಾರ ಮುಂಚೆ ನಿಲ್ಲಿಸಬೇಕು, ಅಥವಾ ನಿಲ್ಲಿಸಲೇಬೇಕೇ ಎಂಬುದನ್ನು ಅವರೂ ಊರಿನ ಡಾಕ್ಟರೂ ಸೇರಿ ತೀರ್ಮಾನಿಸಲಿ. ಇಬ್ಬರ ಫೋನ್ ನಂಬರುಗಳನ್ನೂ ಒಬ್ಬರಿಗೊಬ್ಬರಿಗೆ ಕೊಟ್ಟುಬಿಡು.